ಹಿಮ್ಮಡಿ ನರ ಹರಿದಾಗ: ಸಣ್ಣ ಗಾಯವೋ, ದೊಡ್ಡ ಗಾಯವೋ?

'ಟಪ್ ಅಂತ ಶಬ್ದ ಬಂತು ಸಾರ್, ಯಾರೋ ಹಿಂದಿನಿಂದ ಒದ್ರು ಅಂದ್ಕೊಂಡೆ.' ಕಬಡ್ಡಿ, ವಾಲಿಬಾಲ್, ಶಟಲ್ ಆಡುವವರ ಬಾಯಲ್ಲಿ ಈ ಮಾತು ಬಂದರೆ ಅರ್ಧ ರೋಗನಿರ್ಣಯ ಆದ ಹಾಗೆ. ಜನ ಹಿಮ್ಮಡಿ ನರ ಅನ್ನುವುದು ಆಕಿಲಿಸ್ ಟೆಂಡನ್ನಿಗೆ, ಅಂದರೆ ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟುವ ಗಟ್ಟಿ ಹುರಿಗೆ. ಅದು ಹರಿಯುವುದು ಸಾಮಾನ್ಯವಾಗಿ ಹಿಮ್ಮಡಿ ಮೂಳೆಯಿಂದ 2–6 ಸೆಂ.ಮೀ. ಮೇಲೆ, ರಕ್ತ ಪೂರೈಕೆ ಕಡಿಮೆ ಇರುವ ಕಡೆ. ಹರಿದ ಮೇಲೂ ಪಾದ ಅಲುಗಾಡುತ್ತದೆ, ಕುಂಟಿಕೊಂಡು ನಡೆಯಲೂ ಬರುತ್ತದೆ. ಅಕ್ಕಪಕ್ಕದ ಸ್ನಾಯುಗಳು ಅಷ್ಟು ಕೆಲಸ ಮಾಡಿಬಿಡುತ್ತವೆ. ಹಾಗಾಗಿ ಉಳುಕೆಂದು ಎಣ್ಣೆ ತಿಕ್ಕಿಸಿಕೊಂಡು ವಾರಗಟ್ಟಲೆ ಕಳೆದು ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಬರುವವರಿದ್ದಾರೆ.

ಬೋರಲು ಮಲಗಿಸಿ, ಪಾದವನ್ನು ಮಂಚದಾಚೆ ಇಳಿಬಿಟ್ಟು ಮೀನಖಂಡ ಹಿಂಡುತ್ತೇನೆ. ಟೆಂಡನ್ ಸರಿಯಿದ್ದರೆ ಪಾದ ಕೆಳಮುಖವಾಗಿ ಬಾಗಬೇಕು. ಬಾಗದಿದ್ದರೆ, ಬೆರಳಿಗೆ ಹಳ್ಳ ಸಿಕ್ಕರೆ, ಎಂಆರ್‌ಐಗೆ ಕಾಯುವುದಿಲ್ಲ.

ಹರಿದ ತುದಿಗಳನ್ನು ಹೊಲಿಯಲು ಕೊಯ್ಯುವ ಗಾಯ ಎಷ್ಟು ಉದ್ದ ಇರಬೇಕೆಂದು ನಿರ್ಧರಿಸುವುದು ನನ್ನ ಇಷ್ಟವಲ್ಲ, ಆಟಗಾರ ಬಂದ ದಿನ. ಸಣ್ಣ ಗಾಯಕ್ಕೆ ನಾನು ಇಟ್ಟುಕೊಂಡ ಗಡಿ ಎರಡು ವಾರ. ಆಮೇಲೆ ತುದಿಗಳು ಹಿಂದೆ ಸರಿದು ಅಂಟಿಕೊಳ್ಳುತ್ತವೆ, ಕಣ್ಣಿಗೆ ಕಾಣದೆ ಬಿಡಿಸಲಾಗದು. ನಾಲ್ಕಾರು ವಾರ ದಾಟಿದರೆ ಬರೀ ಹೊಲಿಗೆ ಸಾಲದೆ ಕಾಲ ಹೆಬ್ಬೆರಳಿನ ಟೆಂಡನ್ ತಂದು ಜೋಡಿಸಬೇಕಾಗಬಹುದು.

ಸಣ್ಣ ಗಾಯದಲ್ಲಿ ಹರಿದ ಜಾಗದ ಮೇಲೆ 3 ಸೆಂ.ಮೀ. ಅಡ್ಡ ಕೊಯ್ತ. ಟೆಂಡನ್ನಿನ ಹೊದಿಕೆ ಬಿಡಿಸಿ, ಮೇಲಿನ ತುದಿಯನ್ನು ಕ್ಲಾಂಪ್‌ನಲ್ಲಿ ಹಿಡಿದೆಳೆದು, ಜಿಗ್‌ನ (ಸೂಜಿಗೆ ದಾರಿ ತೋರುವ ಕವಲು ಉಪಕರಣ) ಎರಡು ಕೈಗಳನ್ನು ಹೊದಿಕೆಯ ಒಳಗೇ ತೂರಿಸಬೇಕು. ಹೊರಗಿನಿಂದ ಸೂಜಿ ದಾಟಿಸಿ ಜಿಗ್ ಎಳೆದರೆ ದಾರಗಳೆಲ್ಲ ಹೊದಿಕೆಯೊಳಗೆ ಬಂದು ಸೇರುತ್ತವೆ. ಪ್ರತಿ ದಾರವನ್ನೂ ಬಲವಾಗಿ ಜಗ್ಗಿ ನೋಡುತ್ತೇನೆ. ಕಿತ್ತು ಬಂದರೆ ಮತ್ತೆ ಹಾಕಬೇಕು. ಚರ್ಮ ಗುಳಿ ಬಿದ್ದರೆ ದಾರ ಹೊರಗೆಲ್ಲೋ ಸಿಕ್ಕಿದೆ ಎಂದರ್ಥ. ಭಯ ಇರುವುದು ಸುರಲ್ ನರದ್ದು, ಇದು ಪಾದದ ಹೊರಬದಿಯ ಸ್ಪರ್ಶ ತಿಳಿಸುವ ನಿಜವಾದ ನರ. ಹಿಮ್ಮಡಿಯಿಂದ ಸುಮಾರು 10 ಸೆಂ.ಮೀ. ಮೇಲೆ ಅದು ಟೆಂಡನ್ನಿನ ಹೊರ ಅಂಚನ್ನು ದಾಟುತ್ತದೆ. ಅದು ದಾರಕ್ಕೆ ಸಿಕ್ಕರೆ ಕಿರುಬೆರಳಿನ ಬದಿ ಮರಗಟ್ಟುತ್ತದೆ, ಉರಿಯುತ್ತದೆ.

ದೊಡ್ಡ ಗಾಯದಲ್ಲಿ ಟೆಂಡನ್ನಿನ ಒಳಬದಿಗೆ 8 ಸೆಂ.ಮೀ. ಉದ್ದದ ಕೊಯ್ತ. ತುದಿಗಳು ಬಿಚ್ಚಿದ ತೆಂಗಿನ ನಾರಿನ ಹಗ್ಗದಂತೆ ಕಾಣುತ್ತವೆ. 2ನೇ ನಂಬರಿನ ಕರಗದ ಹೆಣೆದ ದಾರದಲ್ಲಿ ಕ್ರ್ಯಾಕೋ ಹೊಲಿಗೆ, ಅಂದರೆ ಟೆಂಡನ್ನಿನ ಅಂಚನ್ನು ಕುಣಿಕೆ ಕುಣಿಕೆಯಾಗಿ ಬಿಗಿ ಹಿಡಿಯುವ ಹೊಲಿಗೆ. ಚರ್ಮವನ್ನು ಕೆಳಗಿನ ಪದರದಿಂದ ಬಿಡಿಸಬಾರದು, ಬಿಡಿಸಿದರೆ ಅಂಚು ಕಪ್ಪಾಗಿ ಸಾಯುತ್ತದೆ. ಯಾವ ವಿಧಾನವಾದರೂ ಎರಡೂ ಕಾಲು ತೊಳೆದು ತೆರೆದಿಟ್ಟು, ಸರಿಯಿರುವ ಪಾದದ ಬಾಗಿಗೆ ಹೊಂದಿಸಿಯೇ ಗಂಟು ಹಾಕಬೇಕು. ಸಡಿಲವಾದರೆ ಜಿಗಿತ ಹೋಯಿತು.

ನಾರ್ವೆಯ 2022ರ ಅಧ್ಯಯನದಲ್ಲಿ ಎರಡೂ ವಿಧಾನಗಳಲ್ಲಿ ಮತ್ತೆ ಹರಿದದ್ದು ಶೇ. 0.6, ಶಸ್ತ್ರಚಿಕಿತ್ಸೆ ಇಲ್ಲದೆ ಶೇ. 6.2. ನರಕ್ಕೆ ಪೆಟ್ಟು ದೊಡ್ಡ ಗಾಯದಲ್ಲಿ ಶೇ. 2.8, ಸಣ್ಣ ಗಾಯದಲ್ಲಿ ಶೇ. 5.2. ವರ್ಷದ ಕೊನೆಗೆ ಮೂರೂ ಗುಂಪುಗಳ ಕಾಲಿನ ಸಾಮರ್ಥ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೂ ಮಳೆಗಾಲದಲ್ಲಿ ನನ್ನ ಮನಸ್ಸು ಸಣ್ಣ ಗಾಯದ ಕಡೆಗೇ. ಉಂಬಳ ಕಚ್ಚಿದ ಗಾಯ, ಬೆರಳ ಸಂದಿಯ ಕೆಸರುಹುಣ್ಣು ಇದ್ದರೆ ಮೊದಲು ಅವನ್ನು ಒಣಗಿಸಿ, ಆಮೇಲೆ ಚಾಕು.

ಸಣ್ಣ ಗಾಯವೆಂದು ಬೇಗ ಆಟಕ್ಕೆ ಇಳಿಯುವಂತಿಲ್ಲ, ಒಳಗೆ ಟೆಂಡನ್ ಕೂಡುವ ವೇಗ ಒಂದೇ. ಎರಡು ವಾರ ಪಾದ ಕೆಳಮುಖವಾಗಿ ಪಟ್ಟಿ. ಆಮೇಲೆ ಹಿಮ್ಮಡಿಯನ್ನು ಎತ್ತರಿಸಲು ಅಡಿಯಲ್ಲಿ ಮೂರು ತುಂಡು ಇಟ್ಟ ಬೂಟು, ಭಾರ ಹಾಕಿ ನಡೆಯಬಹುದು. ಎರಡು ವಾರಕ್ಕೊಂದು ತುಂಡು ತೆಗೆದು, ಎಂಟನೇ ವಾರಕ್ಕೆ ಬೂಟು ಬಿಡಿಸುತ್ತೇನೆ. ಮೀನಖಂಡ ಊದಿ ನೋವಾದರೆ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಬರಬೇಕು. ನಮ್ಮಲ್ಲಿ ಹೊಲಿಗೆ ಎಳೆದುಹೋಗುವುದು ಮೈದಾನಕ್ಕಿಂತ ಮನೆಯಲ್ಲೇ: ಕುಕ್ಕರಗಾಲಲ್ಲಿ ಕೂರುವ ಶೌಚಾಲಯ, ಪಾಚಿಗಟ್ಟಿದ ಅಂಗಳ, ತೋಟಕ್ಕೆ ಹೋಗುವ ಸಂಕ. ಮೂರು ತಿಂಗಳು ಕಮೋಡ್ ಕುರ್ಚಿ ಇಡಿ ಎಂದು ಮನೆಯವರಿಗೇ ಹೇಳುತ್ತೇನೆ.

ಓಟ ನಾಲ್ಕು ತಿಂಗಳ ಮೇಲೆ. ಕಬಡ್ಡಿಗೆ ಕನಿಷ್ಠ ಆರು, ಎಷ್ಟೋ ಸಲ ಒಂಬತ್ತು. ಕ್ಯಾಲೆಂಡರ್ ಏನೇ ಹೇಳಲಿ, ಒಂಟಿಕಾಲಲ್ಲಿ ನಿಂತು ಹಿಮ್ಮಡಿಯನ್ನು ಇನ್ನೊಂದು ಕಾಲಿನಷ್ಟೇ ಎತ್ತರಕ್ಕೆ ಎತ್ತಲಾಗದವರನ್ನು ರೈಡಿಗೆ ಬಿಡುವುದಿಲ್ಲ.