ಫ್ಲ್ಯಾಪ್ ಬಿಟ್ಟು ಪಿಆರ್‌ಕೆ ಹಿಡಿದೆ: ನನ್ನ ಅನುಭವ

ನಾನು ಕಣ್ಣಿನ ಪವರ್ ತೆಗೆಯುವ ಲೇಸರ್ ಸರ್ಜನ್. ಪಿಆರ್‌ಕೆ ಅಂದರೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲ್ಪೊರೆ ತೆಗೆದು, ನೇರ ಅಲ್ಲೇ ಲೇಸರ್ ಹಾಕುವುದು. ಐದಾರು ವರ್ಷದ ಹಿಂದೆ ನಾನು ಅದನ್ನೇ ಜಾಸ್ತಿ ಮಾಡುತ್ತೇನೆ ಎಂದಾಗ ಬೆಂಗಳೂರಿನ ಗೆಳೆಯರು ತಲೆ ಅಲ್ಲಾಡಿಸಿದ್ದರು. "ಎಲ್ಲರೂ ಸ್ಮೈಲ್ ಕಡೆ ಹೋಗ್ತಿದ್ದಾರೆ, ನೀನು 1988ಕ್ಕೆ ವಾಪಸ್ ಹೋಗ್ತೀಯಾ?" ಎಂದಿದ್ದರು. ಪಿಆರ್‌ಕೆ ಶುರುವಾದ ಕಾಲ ಅದು; ಸ್ಮೈಲ್ ಅಂದರೆ ಸಣ್ಣ ಸೀಳಿನಿಂದ ಕಾರ್ನಿಯಾದ ಒಳಗಿನ ತೆಳು ಚೂರು ತೆಗೆಯುವ ಹೊಸ ವಿಧಾನ. ಈಗ ಅವರಲ್ಲೇ ಇಬ್ಬರು ತೆಳು ಕಾರ್ನಿಯಾದ ಕೇಸುಗಳನ್ನು ದಾವಣಗೆರೆಗೆ, ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಮೈಕ್ರೊಕೆರಟೋಮ್ ಎಂಬ ಬ್ಲೇಡ್ ಯಂತ್ರ ಹಿಡಿದು, ಕಾರ್ನಿಯಾದ ಮೇಲೆ ಮುಚ್ಚಳದಂಥ ಫ್ಲ್ಯಾಪ್ ಕತ್ತರಿಸಿ, ಅದರಡಿ ಲೇಸರ್ ಹಾಕುವ ಲೇಸಿಕ್ ಮಾಡುತ್ತಿದ್ದವನೇ. ಬ್ಯಾಂಕ್ ಪರೀಕ್ಷೆ ಪಾಸಾಗಿದ್ದ ಒಬ್ಬ ಹುಡುಗಿ, ಪವರ್ ಮೈನಸ್ 5. ಕಾರ್ನಿಯಾ ಉಬ್ಬು, ಅದರ ಬಾಗಿನ ಅಳತೆ ಕೆ 48ರ ಹತ್ತಿರ. ಬ್ಲೇಡ್ ಹೋಗಿ ಬಂತು, ನೋಡಿದರೆ ಫ್ಲ್ಯಾಪ್ ನಟ್ಟನಡುವೆ ಬಟನ್‌ಹೋಲ್, ಅಂದರೆ ತೂತು. ನನ್ನ ಬೆನ್ನಲ್ಲಿ ಬೆವರು ಇಳಿಯಿತು. ಲೇಸರ್ ಹಾಕಲೇ ಇಲ್ಲ. ಫ್ಲ್ಯಾಪ್ ಹಾಗೇ ಕೂರಿಸಿ, ಬ್ಯಾಂಡೇಜ್ ಲೆನ್ಸ್ (ಗಾಯ ಕಾಯುವ ಕಾಂಟ್ಯಾಕ್ಟ್ ಲೆನ್ಸ್) ಹಾಕಿ ಕಳಿಸಿದೆ. ಅವಳ ಅಪ್ಪ ಮುಂದಿನ ಭೇಟಿಗಳಲ್ಲಿ ನನ್ನ ಮುಖ ನೋಡಿ ಮಾತಾಡಲಿಲ್ಲ. ಸುಮಾರು 4 ತಿಂಗಳು ಕಾದು, ಅದರ ಮೇಲೆಯೇ ಮೈಟೊಮೈಸಿನ್ (ಕಲೆಗಟ್ಟದಂತೆ ತಡೆಯುವ ಔಷಧ) ಜೊತೆ ಟ್ರಾನ್ಸ್-ಪಿಆರ್‌ಕೆ (ಮೇಲ್ಪೊರೆಯನ್ನೂ ಲೇಸರಿನಿಂದಲೇ ತೆಗೆಯುವುದು) ಮಾಡಿದೆ. 6/6 ಬಂತು. ಕೆಟ್ಟ ಕಣ್ಣನ್ನು ಎತ್ತಿದ್ದು ಇದೇ ಪಿಆರ್‌ಕೆ ಅಂದಮೇಲೆ, ಒಳ್ಳೆ ಕಣ್ಣಿಗೆ ಮೊದಲೇ ಯಾಕೆ ಮಾಡಬಾರದು ಅನ್ನಿಸಿತು.

ಆಗ ಫೆಮ್ಟೊ (ಬ್ಲೇಡ್ ಬದಲು ಲೇಸರಿನಿಂದ ಫ್ಲ್ಯಾಪ್ ಕತ್ತರಿಸುವ ಯಂತ್ರ) ತರುವ ಯೋಚನೆಯೂ ಇತ್ತು. ಲೆಕ್ಕ ಹಾಕಿದೆ. ನಮ್ಮಲ್ಲಿ ತಿಂಗಳಿಗೆ 12, ಹೆಚ್ಚೆಂದರೆ 15 ಕೇಸ್. ಯಂತ್ರದ ಕಂತು ಬೇರೆ, ಪ್ರತಿ ಕಣ್ಣಿಗೂ ಒಮ್ಮೆ ಬಳಸಿ ಬಿಸಾಡುವ ಕೋನಿನ ಖರ್ಚು ಬೇರೆ. ಫೆಮ್ಟೊ ಲೇಸಿಕ್‌ಗೆ ಎರಡು ಕಣ್ಣಿಗೆ 75 ಸಾವಿರದ ಮೇಲೆ ಕೇಳಬೇಕಿತ್ತು. ಸ್ಮೈಲ್ ಅಂದರೆ ಲಕ್ಷದ ಮಾತು. ಪಿಆರ್‌ಕೆ ನಾನು 32 ಸಾವಿರಕ್ಕೆ ಮಾಡುತ್ತಿದ್ದೆ, ಈಗ 36. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರ ಮಗನಿಗೂ ಅದು ಕೈಗೆಟುಕುತ್ತದೆ.

ಮೈಕ್ರಾನ್ ಲೆಕ್ಕವೂ ನನ್ನ ಕಡೆಗೇ ಇತ್ತು, ಕೆಳಗೆ ಹೆಚ್ಚು ಉಳಿದಷ್ಟೂ ಕಾರ್ನಿಯಾ ಗಟ್ಟಿ. 485ರ ಕಾರ್ನಿಯಾ, 80 ಸುಡಬೇಕು ಅಂದುಕೊಳ್ಳಿ. 110ರ ಫ್ಲ್ಯಾಪ್ ತೆಗೆದರೆ ಕೆಳಗೆ ಉಳಿಯುವುದು 295. ಪಿಆರ್‌ಕೆಯಲ್ಲಿ ಮೇಲ್ಪೊರೆಯನ್ನೂ ಕಳೆದರೆ 350ರ ಆಸುಪಾಸು. ಆದರೆ ಟೊಪೊಗ್ರಫಿಯಲ್ಲಿ (ಕಾರ್ನಿಯಾದ ಆಕಾರದ ನಕ್ಷೆ) ಅನುಮಾನ ಬಂದರೆ, ಕಣ್ಣು ಉಜ್ಜುವ ಅಭ್ಯಾಸ ಇದ್ದರೆ ನಾನು ಯಾವುದನ್ನೂ ಮಾಡುವುದಿಲ್ಲ. ಹಾಗೆ ವಾಪಸ್ ಕಳಿಸಿದವರೇ ನೂರರ ಮೇಲಿದ್ದಾರೆ.

ಶುರುವಿನಲ್ಲಿ ಪೆಟ್ಟು ತಿಂದೆ. ಮೈನಸ್ 6.5ರ ಹುಡುಗನಿಗೆ ಮೈಟೊಮೈಸಿನ್ ಇಡಲಿಲ್ಲ. ಅವನು ಮೂರನೇ ವಾರಕ್ಕೆ ಸ್ಟೀರಾಯ್ಡ್ ಡ್ರಾಪ್ಸ್ ಬಿಟ್ಟು, ಬೇಸಿಗೆ ಬಿಸಿಲಲ್ಲಿ ಕಪ್ಪು ಕನ್ನಡಕ ಇಲ್ಲದೆ ಹೊಲದಲ್ಲಿ ನಿಂತ. ಮೂರು ತಿಂಗಳಿಗೆ ಬಂದಾಗ ಸ್ಲಿಟ್ ಲ್ಯಾಂಪಿನಲ್ಲಿ ಕಾರ್ನಿಯಾ ನಡುವೆ ಬೂದಿ ಚೆಲ್ಲಿದ ಹಾಗೆ ಹೇಜ್, ಅಂದರೆ ಮಬ್ಬು ಕಲೆ. ದೃಷ್ಟಿ 6/18. ಕೆರೆದು, 2 ನಿಮಿಷ ಮೈಟೊಮೈಸಿನ್ ಇಟ್ಟೆ, 6/9ಕ್ಕೆ ಬಂತು. ದುಡ್ಡು ತಗೊಳ್ಳಲಿಲ್ಲ. ಅಂದಿನಿಂದ 4ರ ಮೇಲಿನ ಪವರ್‌ಗೆ 0.02%, 20ರಿಂದ 40 ಸೆಕೆಂಡ್ ತಪ್ಪಿಸುವುದಿಲ್ಲ. ವಯಲ್ ಒಡೆದರೆ ಉಳಿಸಿಕೊಳ್ಳುವ ಹಾಗಿಲ್ಲ, ಅದಕ್ಕೇ ಬುಧವಾರ ಐದಾರು ಕೇಸ್ ಒಟ್ಟಿಗೆ ಹಾಕುತ್ತೇನೆ.

ಇನ್ನೊಂದು ಸಲ ಮೇಲ್ಪೊರೆ ಎಂಟನೇ ದಿನಕ್ಕೂ ಕೂಡಿರಲಿಲ್ಲ. ಬಿಡಿಸಿ ಕೇಳಿದರೆ, ಉರಿ ತಡೆಯದೆ ಮೆಡಿಕಲ್ ಶಾಪಿನಿಂದ ಪ್ರೊಪಾರಕೇನ್ (ಕಣ್ಣು ಮರಗಟ್ಟಿಸುವ, ಆದರೆ ಮೇಲ್ಪೊರೆ ಕೂಡಲು ಬಿಡದ ಡ್ರಾಪ್ಸ್) ತಂದು ಗಂಟೆಗೊಮ್ಮೆ ಹಾಕಿಕೊಂಡಿದ್ದ! ತಪ್ಪು ನನ್ನದೇ, ನೋವಿನ ಬಗ್ಗೆ ಸರಿಯಾಗಿ ಹೇಳಿರಲಿಲ್ಲ. ನೋವು ಗೆದ್ದರೆ ಪಿಆರ್‌ಕೆ ಗೆದ್ದ ಹಾಗೆ. ಲೇಸರ್ ಮುಗಿದ ತಕ್ಷಣ ಫ್ರಿಜ್‌ನಲ್ಲಿಟ್ಟ ಬಿಎಸ್‌ಎಸ್ (ಕಣ್ಣು ತೊಳೆಯುವ ಲವಣದ ನೀರು) ಧಾರಾಳವಾಗಿ ಸುರಿಯುತ್ತೇನೆ. ನೋವಿನ ಡ್ರಾಪ್ಸ್ ಎರಡೇ ದಿನ. ಎರಡನೇ ರಾತ್ರಿ ನಾನೇ ಫೋನ್ ಮಾಡುತ್ತೇನೆ. ಲೆನ್ಸ್ ಹಾಕುವ ಮುಂಚೆ ಮಾಡುವ ಒಂದು ಸಣ್ಣ ಕೆಲಸವೂ ಇದೆ, ಅದನ್ನು ಇಲ್ಲಿ ಬರೆಯಲ್ಲ. ಥಿಯೇಟರ್‌ಗೆ ಬನ್ನಿ, ತೋರಿಸುತ್ತೇನೆ.

ನಡುವೆ ಒಂದು ಪ್ರಯೋಗ ಮಾಡಿದೆ. ಹದಿನೈದು ಜನಕ್ಕೆ, ಮೊದಲೇ ಹೇಳಿ ಒಪ್ಪಿಸಿ, ಒಂದು ಕಣ್ಣಿಗೆ ಮೇಲ್ಪೊರೆ ಬಿಡಿಸಲು 20% ಆಲ್ಕೋಹಾಲ್, ಇನ್ನೊಂದಕ್ಕೆ ಟ್ರಾನ್ಸ್-ಪಿಆರ್‌ಕೆ. ಮೂರನೇ ದಿನಕ್ಕೆ ಯಾವ ಕಣ್ಣು ಹೆಚ್ಚು ನೋವು ಎಂದು ಅವರಿಗೇ ಹೇಳಲು ಆಗಲಿಲ್ಲ. ಟ್ರಾನ್ಸ್‌ನಲ್ಲಿ ಸಮಯ ಉಳಿಯುತ್ತದೆ, ಆದರೆ ಮೇಲ್ಪೊರೆ ಒಂದೇ ಸಮ ಇಲ್ಲದ ಕಣ್ಣಿಗೆ ನಾನು ಈಗಲೂ ಆಲ್ಕೋಹಾಲೇ ಹಿಡಿಯುತ್ತೇನೆ. ಹೇಜ್ ತಡೆಯಲು ವಿಟಮಿನ್ ಸಿ 500 ದಿನಕ್ಕೆರಡು ಕೊಟ್ಟು ನೋಡಿದೆ, ಕೊಡದವರಿಗೂ ಅವರಿಗೂ ವ್ಯತ್ಯಾಸ ಕಾಣಲಿಲ್ಲ. ಅಗ್ಗ ಅಂತ ಬಿಟ್ಟಿಲ್ಲ ಅಷ್ಟೇ.

ಸ್ಮೈಲ್ ಬಗ್ಗೆ ನನಗೆ ತಕರಾರಿಲ್ಲ. ಕಣ್ಣು ಒಣಗುವುದು ಕಡಿಮೆ, ಮಾರನೇ ದಿನ ಕೆಲಸಕ್ಕೆ ಹೋಗಬಹುದು. ಕಾರ್ನಿಯಾ ದಪ್ಪ ಇದ್ದು, ದುಡ್ಡಿದ್ದು, ರಜೆ ಇಲ್ಲದ ಸಾಫ್ಟ್‌ವೇರ್ ಹುಡುಗರನ್ನು ನಾನೇ ಬೆಂಗಳೂರಿಗೆ ಕಳಿಸುತ್ತೇನೆ. ಆದರೆ ಅಲ್ಲಿ ಪವರ್ ಸ್ವಲ್ಪ ಉಳಿದರೆ ಅದನ್ನು ತೆಗೆಯಲು ಹೆಚ್ಚಾಗಿ ಮೊರೆ ಹೋಗುವುದು ಮತ್ತೆ ಪಿಆರ್‌ಕೆಗೇ, ಅಲ್ವಾ? ಕಬಡ್ಡಿ ಆಡುವವರಿಗೆ ನನ್ನ ಹತ್ತಿರ ಪಿಆರ್‌ಕೆಯೇ, ಎರಡನೇ ಮಾತೇ ಇಲ್ಲ. ಮೊಣಕೈ ತಗುಲಿದರೆ ಜಾರಲು ಲೇಸಿಕ್‌ನಲ್ಲಿರುವ ಹಾಗೆ ಇದರಲ್ಲಿ ಫ್ಲ್ಯಾಪೇ ಇರುವುದಿಲ್ಲ.

ಇಲ್ಲಿಯವರೆಗೆ 700 ಕಣ್ಣು ಆಗಿರಬಹುದು. ಕೆರೆಯಬೇಕಾದ ಹೇಜ್ ಆ ಹುಡುಗನ ನಂತರ ಒಂದೂ ಬಂದಿಲ್ಲ. ಶುರು ಮಾಡುವವರು ಒಂದು ವಿಷಯ ಮರೆಯಬೇಡಿ. ಎಫ್‌ಎಂಎಲ್ (ಸ್ಟೀರಾಯ್ಡ್ ಡ್ರಾಪ್ಸ್) ತಿಂಗಳುಗಟ್ಟಲೆ ಹೋಗುತ್ತದೆ, ಅದರಿಂದ ಕಣ್ಣಿನ ಒಳಗಿನ ಪ್ರೆಶರ್ ಏರಬಹುದು, ಹಾಗಾಗಿ ತಿಂಗಳಿಗೊಮ್ಮೆ ಅದನ್ನು ನೋಡಲೇಬೇಕು. ಸುಟ್ಟು ತೆಳುವಾದ ಕಾರ್ನಿಯಾದ ಮೇಲೆ ಮೀಟರ್ 18 ತೋರಿಸಿದರೆ ಒಳಗೆ ಅದಕ್ಕಿಂತ ಜಾಸ್ತಿಯೇ ಇರುತ್ತದೆ.