ಒಲೆ ಹಚ್ಚದೆ ಡಬ್ಬಿಗೆ ಹಣ್ಣಿನ ತಿಂಡಿ

ಕಳೆದ ವರ್ಷ ಜೂನ್‌ನಲ್ಲಿ ಮೊಮ್ಮಗನ ಡಬ್ಬಿಗೆ ಬಾಳೆಹಣ್ಣಿನ ರಸಾಯನ ಹಾಕಿ ಕಳಿಸಿದ್ದೆ. ಏಲಕ್ಕಿ ಬಾಳೆ, ಆಗಷ್ಟೇ ಹಿಂಡಿದ ಕಾಯಿಹಾಲು, ಪುಡಿ ಬೆಲ್ಲ, ಮೇಲೆ ಒಂದು ಚಿಟಿಕೆ ಎಳ್ಳು. ಬೆಳಿಗ್ಗೆ 7 ಗಂಟೆಗೆ ರುಚಿ ನೋಡಿದಾಗ ಅಮೃತದ ಹಾಗಿತ್ತು. ಸಂಜೆ ಬ್ಯಾಗು ತೆರೆದರೆ ಕನ್ನಡ ನೋಟ್‌ಬುಕ್ಕಿನ ಹಾಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹುಳಿ ವಾಸನೆ ಬರುತ್ತಿತ್ತು. "ಅಜ್ಜಿ, ಮುಚ್ಚಳ ತೆಗೆದ್ರೆ ಟುಸ್ ಅಂತು, ಪಕ್ಕದವನು ಮೂಗು ಮುಚ್ಕೊಂಡ" ಅಂದ. ತಪ್ಪು ನನ್ನದೇ. ರಸಾಯನ ಮಾಡಿ ಹತ್ತು ನಿಮಿಷದಲ್ಲಿ ಎಲೆಗೆ ಬಡಿಸಿ ಅಭ್ಯಾಸ ಇದ್ದವಳು, ಅದು ಮುಚ್ಚಿದ ಡಬ್ಬಿಯಲ್ಲಿ ಮೂರೂವರೆ ಗಂಟೆ ಕೂರಬೇಕು ಅನ್ನೋದನ್ನೇ ಯೋಚಿಸಿರಲಿಲ್ಲ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಹೊಸದಾಗಿ ಏನೇ ಮಾಡಿದರೂ ಮಕ್ಕಳಿಗೆ ಕಳಿಸುವ ಮೊದಲು ರಜಾದಿನ ಒಂದು ಚಿಕ್ಕ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಅಡುಗೆಮನೆ ಕಟ್ಟೆ ಮೇಲೆ 7 ಗಂಟೆಗೆ ಇಟ್ಟುಬಿಡುತ್ತೇನೆ. ಶಾಲೆಯಲ್ಲಿ ಚಿಕ್ಕ ಬ್ರೇಕು 10.30ಕ್ಕೆ. ಅದೇ ಹೊತ್ತಿಗೆ ನನ್ನ ಎರಡನೇ ಕಾಫಿ. ಕಾಫಿ ಜೊತೆ ಡಬ್ಬಿ ತೆಗೆದು ನೋಡುತ್ತೇನೆ. ತಳದಲ್ಲಿ ನೀರು ನಿಂತಿದೆಯಾ, ಬಣ್ಣ ತಿರುಗಿದೆಯಾ, ಮುಚ್ಚಳದ ಒಳಗೆ ಬೆವರು ಹನಿ ಇದೆಯಾ. ನನಗೇ ತಿನ್ನೋಕೆ ಮನಸ್ಸಾಗದಿದ್ದರೆ ಐದನೇ ಕ್ಲಾಸಿನ ಹುಡುಗ ತಿಂತಾನಾ? ವಾಪಸ್ ತರುತ್ತಾನೆ, ಇಲ್ಲ ಡಸ್ಟ್‌ಬಿನ್ನಿಗೆ ಸುರಿದು "ಎಲ್ಲಾ ತಿಂದೆ" ಅಂತಾನೆ.

ಈ ಪರೀಕ್ಷೆಯಲ್ಲಿ ಸೋತಿದ್ದೆಲ್ಲ ಸೋತಿದ್ದು ನೀರಿನಿಂದ. ತೊಳೆದ ನೀರು, ಹಣ್ಣು ಬಿಟ್ಟ ನೀರು, ಹಸಿ ಕಾಯಿತುರಿಯ ನೀರು. ಅದಕ್ಕೇ ಡಬ್ಬಿಗೆ ಅಂತ ಹಣ್ಣು ತಗೊಳ್ಳುವಾಗ ನಾನು ಮೊದಲು ನೋಡೋದು ರುಚಿಯನ್ನಲ್ಲ, ಅದು ಎಷ್ಟು ನೀರು ಬಿಡುತ್ತೆ ಅಂತ. ಕಲ್ಲಂಗಡಿ ಮನೆಯಲ್ಲಿ ತಿನ್ನೋ ಹಣ್ಣು, ಡಬ್ಬಿಗಲ್ಲ. ಸಪೋಟ ಹೆಚ್ಚಿ ಹಾಕಿದರೆ ಬ್ಯಾಗಿನ ಕುಲುಕಾಟಕ್ಕೆ ಮುದ್ದೆ ಆಗುತ್ತೆ. ಡಬ್ಬಿಗೆ ಹೇಳಿ ಮಾಡಿಸಿದ ಹಾಗಿರೋದು ದಾಳಿಂಬೆ ಕಾಳು ಮತ್ತು ಸೀಬೆ. ಸೀಬೆ ಪೂರ್ತಿ ಹಣ್ಣಾಗಿರಬಾರದು, ದೋರೆ ಇರಬೇಕು, ಹಲ್ಲಿಗೆ ಕರುಕ್ ಅನ್ನಬೇಕು. ಕಿತ್ತಳೆಗಿಂತ ಮೂರು ನಾಲ್ಕು ಪಟ್ಟು ಜಾಸ್ತಿ ಸಿ ವಿಟಮಿನ್ ಇರೋ ಹಣ್ಣು ಅದು, ಬೆಲೆ ಮಾತ್ರ ಸೇಬಿನ ಅರ್ಧಕ್ಕೂ ಕಮ್ಮಿ. ಆದರೂ ನಮ್ಮ ಜನಕ್ಕೆ ಡಬ್ಬಿಯಲ್ಲಿ ಸೇಬು ಕಂಡರೇ ಸಮಾಧಾನ, ಅಲ್ವಾ?

ಸೀಬೆಗೆ ಉಪ್ಪು ಖಾರ ಬೇಕೇ ಬೇಕು ಅಂತಾರೆ ಮಕ್ಕಳು. ಹಾಕಿ, ಆದರೆ ಹಣ್ಣಿನ ಮೇಲೆ ಉದುರಿಸಿ ಕಳಿಸಬೇಡಿ. ಉಪ್ಪು ಬಿದ್ದ ಕಡೆ ಹಣ್ಣು ನೀರು ಬಿಡುತ್ತೆ, 10.30ಕ್ಕೆ ಹೋಳು ಮೆತ್ತಗೆ. ಹಳೇ ಅಂಗಡಿಯವರು ಕಟ್ಟುತ್ತಿದ್ದ ಹಾಗೆ ಒಂದು ಚಿಕ್ಕ ಕಾಗದದ ಪೊಟ್ಟಣದಲ್ಲಿ ಬೇರೆ ಕೊಡಿ. ನ್ಯೂಸ್ ಪೇಪರ್ ಬೇಡ, ಅದರ ಮಸಿ ಹೊಟ್ಟೆಗೆ ಹೋಗೋದು ಬೇಡ. ಪೊಟ್ಟಣ ಬಿಚ್ಚಿ ತಾವೇ ಉದುರಿಸಿಕೊಳ್ಳೋದರಲ್ಲಿ ಮಕ್ಕಳಿಗೆ ಇನ್ನೊಂದು ಖುಷಿ.

ಸೇಬು ಕೊಡಲೇಬೇಕು ಅಂದರೆ ಕೆಂಪಾಗದ ಹಾಗೆ ಮಾಡಬಹುದು. ಹೆಚ್ಚಿದ ಮೇಲೆ ಗಾಳಿ ತಾಗಿ ಬಣ್ಣ ತಿರುಗೋದು, ಅದು ಕೊಳೆತದ್ದಲ್ಲ, ಆದರೂ ನೋಡೋಕೆ ಚೆಂದ ಇರಲ್ಲ. ಎರಡು ಲೋಟ ನೀರಿಗೆ ಅರ್ಧ ಟೀ ಚಮಚ ಉಪ್ಪು ಕರಗಿಸಿ, ಹೋಳುಗಳನ್ನು ಐದು ನಿಮಿಷ ಮುಳುಗಿಸಿ, ತೆಗೆದು ಒಂದು ಸಲ ಒಳ್ಳೆ ನೀರಲ್ಲಿ ಜಾಲಿಸಿ. ನಿಂಬೆರಸ ಹಚ್ಚಿದರೂ ನಡೆಯುತ್ತೆ, ಆದರೆ ನಮ್ಮ ಮನೆ ಚಿಕ್ಕವಳು ಹುಳಿ ಅಂತ ಮುಖ ಸಿಂಡರಿಸುತ್ತಾಳೆ, ಹಾಗಾಗಿ ನಮ್ಮಲ್ಲಿ ಉಪ್ಪುನೀರೇ. ಆಮೇಲಿನ ಕೆಲಸ ಮುಖ್ಯ. ಹೋಳುಗಳನ್ನು ಒಣ ಕಾಟನ್ ಬಟ್ಟೆ ಮೇಲೆ ಹರಡಿ ಒತ್ತಿ ಒರೆಸಿ, ಆಮೇಲೆ ಡಬ್ಬಿಗೆ. ನಾನು ಹಳೇ ಪಂಚೆ ಹರಿದು ಅಂಗೈಯಗಲದ ಚೌಕ ಮಾಡಿಟ್ಟಿದ್ದೇನೆ, ಡಬ್ಬಿ ತಳಕ್ಕೆ ಒಂದು ಹಾಸುತ್ತೇನೆ. ಉಳಿದ ತೇವ ಅದು ಕುಡಿಯುತ್ತೆ. ಸಂಜೆ ತೊಳೆದು ಒಣಗಿ ಹಾಕಿದರೆ ಮತ್ತೆ ಬರುತ್ತೆ. ಪರಂಗಿ ಹಣ್ಣಿಗೂ ಇದೇ ಉಪಾಯ, ಹೋಳು ಮಾತ್ರ ದಪ್ಪ ಇರಲಿ.

ದ್ರಾಕ್ಷಿ ವಿಷಯದಲ್ಲಿ ಸ್ವಲ್ಪ ಜೋರಾಗೇ ಹೇಳುತ್ತೇನೆ. ಐದು ವರ್ಷದೊಳಗಿನ ಮಗುವಿಗೆ ಇಡೀ ದ್ರಾಕ್ಷಿ ಕೊಡಬೇಡಿ. ಆ ನುಣುಪು, ಆ ಗಾತ್ರ, ಗಂಟಲಲ್ಲಿ ಹೋಗಿ ಬಿರಡೆ ಹಾಕಿದ ಹಾಗೆ ಕೂತುಬಿಡುತ್ತೆ. ಉದ್ದಕ್ಕೆ ಸೀಳಿ ನಾಲ್ಕು ಹೋಳು ಮಾಡಿ. ಅಡ್ಡ ಕತ್ತರಿಸಿದರೆ ಸಾಲದು, ದುಂಡಗೇ ಉಳಿಯುತ್ತೆ. ಆ ವಯಸ್ಸಿಗೆ ಇಡೀ ಕಡಲೇಕಾಯಿ ಬೀಜ, ಬಾದಾಮಿ ಕೂಡ ಬೇಡ, ಪುಡಿ ಮಾಡಿ ಉಂಡೆಗೆ ಸೇರಿಸಿ. ಮನೆಯಲ್ಲಿ ಕಣ್ಣೆದುರು ತಿನ್ನೋದು ಬೇರೆ, ಗೆಳೆಯರ ಜೊತೆ ನಗಾಡ್ತಾ ಓಡ್ತಾ ತಿನ್ನೋದು ಬೇರೆ.

ಈಗ ಉಂಡೆಗೆ ಬರೋಣ. ನಮ್ಮ ಮನೆಯಲ್ಲಿ ಜಾಸ್ತಿ ಖರ್ಚಾಗೋದು ಖರ್ಜೂರ ಮತ್ತು ಹುರಿಗಡಲೆ ಉಂಡೆ. ಮೆತ್ತನೆ ಖರ್ಜೂರ 200 ಗ್ರಾಂ, ಹುರಿಗಡಲೆ ಅರ್ಧ ಲೋಟ, ಒಣಕೊಬ್ಬರಿ ತುರಿ ಎರಡು ದೊಡ್ಡ ಚಮಚ, ಎರಡು ಏಲಕ್ಕಿ. ಪ್ಯಾಕೆಟ್ಟಿನ ಮೇಲೆ ಬೀಜ ಇಲ್ಲ ಅಂತ ಬರೆದಿದ್ದರೂ ನಂಬಬೇಡಿ, ಒಂದೊಂದನ್ನೂ ಸೀಳಿ ನೋಡಿ. ಒಂದೇ ಒಂದು ಬೀಜ ಉಳಿದು ನನ್ನ ಮಿಕ್ಸಿ ಬ್ಲೇಡು ಹಾಳಾಗಿ ರಿಪೇರಿ ಅಂಗಡಿಗೆ ಹೋಗಿ ಬಂತು, ಮಗುವಿನ ಹಲ್ಲಿಗೆ ಸಿಕ್ಕಿದ್ದರೆ ಏನು ಗತಿ. ಮೊದಲು ಹುರಿಗಡಲೆ, ಏಲಕ್ಕಿ ಪುಡಿ ಮಾಡಿಕೊಳ್ಳಿ. ಅದರಲ್ಲಿ ಎರಡು ಚಮಚ ಪುಡಿ ಎತ್ತಿಟ್ಟು, ಉಳಿದ ಪುಡಿಯಲ್ಲಿ ಖರ್ಜೂರದ ಚೂರುಗಳನ್ನು ಹೊರಳಿಸಿ ಆಮೇಲೆ ಮಿಕ್ಸಿಗೆ ಹಾಕಿ. ಬರೀ ಖರ್ಜೂರ ಹಾಕಿದರೆ ಬ್ಲೇಡಿಗೆ ಅಂಟಿ ಮಿಕ್ಸಿ ಗುಂಯ್ ಅಂತ ನಿಂತುಬಿಡುತ್ತೆ. ಆಗ ನೀರು ಹಾಕೋಣ ಅನಿಸುತ್ತೆ, ಹಾಕಬೇಡಿ. ನೀರು ಬಿತ್ತು ಅಂದರೆ ಉಂಡೆ ಎರಡನೇ ದಿನಕ್ಕೇ ಬೂಸ್ಟು. ಬಿಟ್ಟು ಬಿಟ್ಟು ಎರಡೆರಡು ಸೆಕೆಂಡು ತಿರುಗಿಸಿ. ಪುಡಿಪುಡಿಯಾಗಿದ್ದದ್ದು ಒಂದು ಹಂತಕ್ಕೆ ತಾನೇ ಒಟ್ಟಾಗಿ ಜಾರಿನ ಒಳಗೆ ದಬದಬ ಅಂತ ಹೊರಳುತ್ತೆ. ಆ ಸದ್ದು ಬಂದ ತಕ್ಷಣ ನಿಲ್ಲಿಸಿ. ಕೊಬ್ಬರಿ ಸೇರಿಸಿ ನಾದಿ, ಅಂಗೈಗೆ ಹನಿ ತುಪ್ಪ ಸವರಿಕೊಂಡು ನೆಲ್ಲಿಕಾಯಿ ಗಾತ್ರಕ್ಕೆ ಕಟ್ಟಿ. ಸುಮಾರು 18 ಉಂಡೆ ಆಗುತ್ತೆ. ಎತ್ತಿಟ್ಟ ಪುಡಿಯಲ್ಲಿ ಹೊರಳಿಸಿದರೆ ಒಂದಕ್ಕೊಂದು ಅಂಟಲ್ಲ. ಹೊರಗೆ ಒಂದು ವಾರ, ಫ್ರಿಜ್ಜಿನಲ್ಲಿ ಎರಡು ವಾರ ಧಾರಾಳವಾಗಿ ಇರುತ್ತೆ.

ಹಸಿ ಕಾಯಿತುರಿ ಯಾಕೆ ಬೇಡ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ. ಹುರಿಗಡಲೆ ಬದಲು ಹುರಿದ ಕಡಲೇಕಾಯಿ ಬೀಜ ಹಾಕಿದರೆ ರುಚಿ ಜಾಸ್ತಿ, ಸುಳ್ಳು ಹೇಳಲ್ಲ. ಆದರೆ ಕೆಲವು ಮಕ್ಕಳಿಗೆ ಅದು ಅಲರ್ಜಿ, ಹಂಚಿ ತಿನ್ನೋ ವಯಸ್ಸು ಬೇರೆ. ಕೆಲವು ಶಾಲೆಗಳಲ್ಲಿ ತರಲೇಬೇಡಿ ಅಂತಾರೆ, ಒಂದು ಸಲ ಟೀಚರನ್ನು ಕೇಳಿಕೊಳ್ಳಿ. ಇನ್ನೊಂದು ಮಾತು. ಸಕ್ಕರೆ ಹಾಕಿಲ್ಲ, ಹಾಗಾಗಿ ಎಷ್ಟು ತಿಂದರೂ ಆಯ್ತು ಅಂತ ನನ್ನ ಸೊಸೆ ಮೊದಮೊದಲು ನಾಲ್ಕು ನಾಲ್ಕು ಉಂಡೆ ಹಾಕುತ್ತಿದ್ದಳು. ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ ಕಣಮ್ಮಾ ಅಂದೆ. ಜೊತೆಗೆ ನಾರು, ಕಬ್ಬಿಣ ಇದೆ, ಚಾಕೊಲೇಟಿಗಿಂತ ಎಷ್ಟೋ ವಾಸಿ, ಆದರೂ ದಿನಕ್ಕೆ ಎರಡು ಸಾಕು. ಹಲ್ಲಿಗೆ ಅಂಟುತ್ತೆ ಬೇರೆ, ತಿಂದ ಮೇಲೆ ಬಾಯಿ ಮುಕ್ಕಳಿಸಬೇಕು ಅಂತ ಹೇಳಿಕೊಟ್ಟಿರಿ.

ಅವತ್ತಿಂದು ಅವತ್ತಿಗೇ ಮುಗಿಸೋದಾದರೆ ಬಾಳೆಹಣ್ಣು ರಾಗಿ ಹುರಿಹಿಟ್ಟಿನ ಉಂಡೆ ಮಾಡಿ. ಹುರಿಹಿಟ್ಟು ಅಂದರೆ ರಾಗಿಯನ್ನು ಅರಳು ಮಾಡಿ ಬೀಸಿದ್ದು, ಆಗಲೇ ಬೆಂದಿರುತ್ತೆ, ಹಾಗೇ ತಿನ್ನಬಹುದು. ಮುದ್ದೆಗೆ ಹಾಕೋ ಹಸಿ ರಾಗಿ ಹಿಟ್ಟಲ್ಲ, ಅದನ್ನು ಹಸಿಯಾಗಿ ಕಲಸಬೇಡಿ. ಸಿಪ್ಪೆ ಮೇಲೆ ಕಪ್ಪು ಚುಕ್ಕಿ ಬಂದಿರೋ ಎರಡು ಏಲಕ್ಕಿ ಬಾಳೆ ತಗೊಂಡು ಫೋರ್ಕಿನಲ್ಲಿ ಗಂಟಿಲ್ಲದ ಹಾಗೆ ಕಿವುಚಿ. ನಾಲ್ಕು ದೊಡ್ಡ ಚಮಚ ಹುರಿಹಿಟ್ಟು, ಚೂರು ಏಲಕ್ಕಿ ಪುಡಿ, ಹಣ್ಣು ಸಪ್ಪೆ ಇದ್ದರೆ ಮಾತ್ರ ಒಂದು ಚಮಚ ಬೆಲ್ಲ. ಕಲಸಿದಾಗ ಕೈಗೆ ಅಂಟುತ್ತೆ, ಗಾಬರಿಯಾಗಿ ಇನ್ನಷ್ಟು ಹಿಟ್ಟು ಸುರಿಯಬೇಡಿ. ಐದು ನಿಮಿಷ ಮುಚ್ಚಿಡಿ, ಹಿಟ್ಟು ತೇವ ಎಳೆದುಕೊಂಡು ತಾನೇ ಗಟ್ಟಿಯಾಗುತ್ತೆ. ಆಮೇಲೂ ಅಂಟಿದರೆ ಇನ್ನೊಂದು ಚಮಚ. ಪಚ್ಚಬಾಳೆ ಆದರೆ ಅರ್ಧ ಹಣ್ಣೇ ಸಾಕು, ನೀರು ಜಾಸ್ತಿ ಅದರಲ್ಲಿ, ಹಿಟ್ಟು ಹೆಚ್ಚು ಹಿಡಿಯುತ್ತೆ. ಬಾಳೆಹಣ್ಣು ಕಪ್ಪಾಗುತ್ತೆ ಅನ್ನೋ ಚಿಂತೆ ಇದಕ್ಕಿಲ್ಲ, ರಾಗಿಯೇ ಕಂದು, ಯಾರಿಗೂ ಗೊತ್ತಾಗಲ್ಲ! ಇನ್ನು ಎಲ್ಲಾದರೂ ನಂಜನಗೂಡು ರಸಬಾಳೆ ಸಿಕ್ಕರೆ ದಯವಿಟ್ಟು ಉಂಡೆಗೆ ಕಿವುಚಬೇಡಿ, ಸುಮ್ನೆ ಸಿಪ್ಪೆ ಸುಲಿದು ತಿನ್ನಿ, ಆ ಘಮಕ್ಕೆ ಬೇರೇನೂ ಸೇರಿಸಬಾರದು.

ಎದ್ದಿದ್ದು ತಡವಾದ ದಿನಕ್ಕೆ ಮೂರು ನಿಮಿಷದ ಡಬ್ಬಿ: ಒಂದು ಹಿಡಿ ಹುರಿಗಡಲೆ, ಅರ್ಧ ಹಿಡಿ ಒಣದ್ರಾಕ್ಷಿ, ನಾಲ್ಕು ಚೂರು ಒಣಕೊಬ್ಬರಿ, ಎರಡು ಒಣ ಅಂಜೂರ ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿದ್ದು. ವಿಜಯಪುರದ ಕಡೆಯಿಂದ ಯಾರಾದರೂ ಬರುವವರಿದ್ದರೆ ಒಣದ್ರಾಕ್ಷಿ ತರಿಸಿ, ಆ ಕಡೆ ದ್ರಾಕ್ಷಿ ಒಣಗಿಸೋದೇ ದೊಡ್ಡ ಕಸುಬು. ಒಂದು ಸಲಕ್ಕೆ ತೊಳೆದು, ಬಟ್ಟೆ ಮೇಲೆ ಹರಡಿ, ಒಂದು ದಿನ ಬಿಸಿಲಿಗಿಟ್ಟು ಡಬ್ಬಕ್ಕೆ ತುಂಬಿಟ್ಟರೆ ಆಯ್ತು.

ಮೊಸರಿನಲ್ಲಿ ಹಣ್ಣು ಕಲಸಿ ಕಳಿಸುವವರಿಗೂ ಒಂದು ಮಾತು. ಪರಂಗಿ, ಅನಾನಸ್ ಮಾತ್ರ ಹಸಿಯಾಗಿ ಮೊಸರಿಗೆ, ಹಾಲಿಗೆ ಹಾಕಿಡಬೇಡಿ. ಕಲಸಿದ ಕೂಡಲೇ ಚೆನ್ನಾಗಿರುತ್ತೆ, ಇಡ್ತಾ ಇಡ್ತಾ ಕಹಿಯಾಗುತ್ತೆ. ಮೊಸರು ಕೆಟ್ಟಿದೆ ಅಂತ ಹಾಲಿನವನನ್ನು ಬೈಯ್ಯಬೇಡಿ, ಆ ಹಣ್ಣುಗಳ ಗುಣವೇ ಹಾಲಿನ ಪ್ರೋಟೀನನ್ನು ಒಡೆಯೋದು. ನನ್ನನ್ನು ಕೇಳಿದರೆ ಬಿಸಿಲುಗಾಲದಲ್ಲಿ ಮೊಸರಿನ ಡಬ್ಬಿಯೇ ಬೇಡ.

ಬೇಸಿಗೆಗೆ ಇರೋದು ಮಾಂಬಳ. ನಮ್ಮ ಸಾಗರದ ಕಡೆ ಕಾಟು ಮಾವಿನ ರಸ ಹಿಂಡಿ ಚಾಪೆ ಮೇಲೆ ಸವರುತ್ತಿದ್ದರು, ಒಂದು ಪದರ ಒಣಗಿದ ಮೇಲೆ ಅದರ ಮೇಲೆ ಇನ್ನೊಂದು, ಹೀಗೆ ಬೆರಳು ದಪ್ಪ ಆಗುವ ತನಕ. ಮಕ್ಕಳು ಕಾವಲಿಗೆ ಅಂತ ಕೂತು ಅಂಚೆಲ್ಲ ಕಿತ್ತು ತಿಂದು ಮುಗಿಸುತ್ತಿದ್ದೆವು. ಬೆಂಗಳೂರಿನ ಟೆರೇಸಿನಲ್ಲಿ ಅಷ್ಟೆಲ್ಲ ಆಗಲ್ಲ. ಏಪ್ರಿಲ್ ಕೊನೆಗೆ, ಮೇನಲ್ಲಿ ಗಾಂಧಿ ಬಜಾರಿನಲ್ಲಿ ಬಾದಾಮಿ ಮಾವು, ರಸಪುರಿ ಮಾವು ಎರಡೂ ಇಳಿದಾಗ ನಾನು ನಾಲ್ಕು ಹಣ್ಣು ಮಾತ್ರ ತರುತ್ತೇನೆ. ಮಿಕ್ಸಿಗೆ ಹಾಕಿ, ನಾರಿದ್ದರೆ ಸೋಸಿ, ತುಪ್ಪ ಸವರಿದ ಅಗಲ ಸ್ಟೀಲ್ ತಟ್ಟೆಗೆ ದೋಸೆಗಿಂತ ತೆಳ್ಳಗೆ ಹರಡಿ, ಮೇಲೊಂದು ತೆಳು ಬಟ್ಟೆ ಕಟ್ಟಿ ಬಿಸಿಲಿಗೆ. ತಟ್ಟೆಯನ್ನು ನೀರು ತುಂಬಿದ ಬೇಸಿನ್ನಿನ ನಡುವೆ ಲೋಟ ಬೋರಲು ಹಾಕಿ ಅದರ ಮೇಲೆ ಇಡಿ, ಇರುವೆ ಬರಲ್ಲ. ಒಳ್ಳೇ ಬಿಸಿಲಿದ್ದರೆ ಎರಡು ದಿನ, ರಾತ್ರಿ ಒಳಗೆ ತಂದಿಡಬೇಕು. ಬೆರಳಿಟ್ಟರೆ ಅಂಟದೆ, ಅಂಚು ಹಿಡಿದು ಎತ್ತಿದರೆ ಚರ್ಮದ ಹಾಗೆ ಏಳಬೇಕು. ಪಟ್ಟಿ ಕತ್ತರಿಸಿ ಸುರುಳಿ ಸುತ್ತಿ ಗಾಜಿನ ಬಾಟಲಿಗೆ. ಸಕ್ಕರೆ ಹಾಕದಿದ್ದರೆ ಫ್ರಿಜ್ಜಿನಲ್ಲೇ ಇಡಿ. ಜೂನ್‌ನಲ್ಲಿ ಶಾಲೆ ಶುರುವಾದಾಗ ಡಬ್ಬಿಯ ಮೂಲೆಗೆ ಒಂದು ಸುರುಳಿ. ಮಳೆ ಬಂದು ಒಂದು ಪೂರ್ತಿ ತಟ್ಟೆ ಹಾಳಾದದ್ದೂ ಇದೆ, ಆ ಕಥೆ ಬಿಡಿ.

ಇಷ್ಟೆಲ್ಲ ಮಾಡಿಯೂ ಹಣ್ಣಿಗೆ ಹಳೇ ಸಾರಿನ ವಾಸನೆ ಬರುತ್ತೆ ಅಂತ ಮೊಮ್ಮಗಳು ಒಂದು ವಾರ ದೂರು ಹೇಳಿದಳು. ಹಣ್ಣು ಮೂಸಿದೆ, ಡಬ್ಬಿ ಮೂಸಿದೆ, ಏನೂ ಇಲ್ಲ. ಕೊನೆಗೆ ನೋಡಿದರೆ ಮುಚ್ಚಳದ ಒಳಗಿನ ರಬ್ಬರ್ ಪಟ್ಟಿ. ಚಮಚದ ಹಿಂದಿನ ತುದಿಯಿಂದ ಮೀಟಿ ತೆಗೆದರೆ ಅದರ ಹಿಂದೆ ಕಪ್ಪು ಗೆರೆ, ಎಷ್ಟು ದಿನದ್ದೋ ಏನೋ. ಈಗ ವಾರಕ್ಕೆರಡು ಸಲ ಪಟ್ಟಿ ಬಿಚ್ಚಿ, ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ ಅರ್ಧ ಗಂಟೆ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜುತ್ತೇನೆ. ಪೂರ್ತಿ ಒಣಗದೆ ವಾಪಸ್ ಕೂರಿಸಬೇಡಿ. ನಾನು ರಾತ್ರಿ ಕಿಟಕಿ ಸರಳಿಗೆ ನೇತು ಹಾಕಿರುತ್ತೇನೆ, ಬೆಳಿಗ್ಗೆ ಅದು ಎಲ್ಲಿ ಅಂತ ಸೊಸೆ ಮನೆಯೆಲ್ಲ ಹುಡುಕುತ್ತಾಳೆ.