ಕಾಕಂಬಿ ಡ್ರಮ್ಮು, ಗಾಳಿ ಕಂಪ್ರೆಸರು, ಒಂದು ನ್ಯಾರೋಗೇಜ್ ಇಂಜಿನ್ನು

ಮೊದಲೇ ಹೇಳಿಬಿಡುತ್ತೇನೆ, ಬಾಯ್ಲರಿಗೆ ನಾನು ಬೆಂಕಿ ಹಾಕಿಲ್ಲ. ಹಾಕುವ ಹಾಗೂ ಇರಲಿಲ್ಲ. ಎರಡೂವರೆ ಅಡಿ ಗೇಜಿನ ಈ ಟ್ಯಾಂಕ್ ಇಂಜಿನ್, ಅಂದರೆ ನೀರಿನ ಟ್ಯಾಂಕನ್ನು ಮೈಮೇಲೇ ಹೊತ್ತ ಹಬೆ ರೈಲಿನ ಇಂಜಿನ್, ಮೂವತ್ತು ವರ್ಷ ಪಾರ್ಕಿನ ಕಟ್ಟೆ ಮೇಲೆ ನಿಂತಿತ್ತು. ಚಿಮಣಿಗೆ ಮುಚ್ಚಳ ಇಲ್ಲ. ಮಳೆ ನೀರು ಚಿಮಣಿ ಕೆಳಗಿನ ಹೊಗೆ ಗೂಡಿಗೆ, ಅಂದರೆ ಸ್ಮೋಕ್‌ಬಾಕ್ಸಿಗೆ ಇಳಿದು, ಹಳೇ ಬೂದಿಗೆ ಸೇರಿ ಆಸಿಡ್ ಆಗಿ, ತಳದ ತಗಡು ಹಪ್ಪಳ ಆಗಿತ್ತು. ಬೆರಳಲ್ಲಿ ಒತ್ತಿದರೆ ತೂತು. ಬೆಂಕಿ ಉರಿಯುವ ತಾಮ್ರದ ಗೂಡು, ಫೈರ್‌ಬಾಕ್ಸ್, ಯಾವತ್ತೋ ಗುಜರಿ ಸೇರಿತ್ತು. ಡಾರ್ಜಿಲಿಂಗ್ ಪುಟ್ಟ ರೈಲಿನ ಬಿ ಕ್ಲಾಸ್ ಹಬೆ ಇಂಜಿನ್ 1889ರಿಂದ ಬಂದದ್ದು, ಇನ್ನೂ ಓಡುತ್ತಿದೆ ಅಂತ ಎಲ್ಲರೂ ಹೇಳುತ್ತಾರೆ. ಅದರ ಹಿಂದೆ ಆ ರೈಲ್ವೆಯದ್ದೇ ತಿಂಧಾರಿಯಾ ವರ್ಕ್‌ಶಾಪ್ ಇದೆಯಲ್ವಾ? ನನ್ನ ಹಿಂದೆ ಇದ್ದದ್ದು ಒಂದು ಶೀಟಿನ ಶೆಡ್ಡು.

ಹಟ ಒಂದೇ, ಹಬೆ ಬದಲು ಕಂಪ್ರೆಸರ್ ಗಾಳಿಯಲ್ಲಾದರೂ ಚಕ್ರ ತಿರುಗಬೇಕು.

ಬಲಗಡೆ ಪಿಸ್ಟನ್ ಕಚ್ಚಿಕೊಂಡಿತ್ತು. ಒಂದು ತಿಂಗಳು ಡೀಸೆಲ್ ಸುರಿದೆ, ದಂಡ. ಜಾಕ್ ಕೊಟ್ಟು ತಳ್ಳಿದೆ, ಪಿಸ್ಟನ್ ರಾಡ್ ಹಿಡಿಯುವ ಬೆಣೆ, ಕಾಟರ್, ಬಾಗಿತು. ಹೊಸದಕ್ಕೆ ಲೇತ್‌ನವನಿಗೆ ಏಳು ಸಾವಿರ. ಕೊನೆಗೆ ಎಟಿಎಫ್ (ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ) ಆಯಿಲು, ಅಸಿಟೋನು ಅರ್ಧರ್ಧ. ಜೊತೆಗೆ ಇನ್ನೊಂದು ಬೆರೆಸಿದೆ, ಅದು ನನ್ನ ಹತ್ತಿರವೇ ಇರಲಿ. ಹನ್ನೆರಡನೇ ದಿನ ಪಿಸ್ಟನ್ ಒಂದು ನೂಲು ಸರಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ವಾಲ್ವ್ ಆಡಿಸುವ ಗೇರಿನ ಪಿನ್ನು, ಲಿಂಕು, ಬ್ರೇಕಿನ ಸಾಮಾನಿನ ತುಕ್ಕು ಬಿಡಿಸೋಕೆ ಕಾಕಂಬಿ. ಇನ್ನೂರು ಲೀಟರ್ ಡ್ರಮ್ಮಿಗೆ ಇಪ್ಪತ್ತು ಲೀಟರ್, ಮಿಕ್ಕಿದ್ದು ನೀರು, ಮೂರು ವಾರ. 'ಹಸುವಿಗೆ ಹಾಕೋದನ್ನ ಇಂಜಿನ್ನಿಗೆ ಹಾಕ್ತೀರಲ್ಲ ಸಾರ್' ಅಂತ ವೆಲ್ಡರ್ ಹುಡುಗ ನಕ್ಕಿದ್ದ. ಎತ್ತಿ ತೊಳೆದಾಗ ಪಿನ್ನಿನ ಮೇಲಿದ್ದ ಪಂಚ್ ನಂಬರ್ ಓದಲು ಬಂತು, ಆಮೇಲೆ ನಗಲಿಲ್ಲ. ನಾತ ಮಾತ್ರ ಬೀದಿಗೆಲ್ಲ. ನಾನು ಮರೆತು ಒಳಗೆ ಬಿಟ್ಟ ಅಲ್ಯೂಮಿನಿಯಂ ಬಕೆಟ್ ತೂತಾಯಿತು. ವಾಷಿಂಗ್ ಸೋಡಾ ನೀರಲ್ಲಿಟ್ಟು ಬ್ಯಾಟರಿ ಚಾರ್ಜರಿನ ಕರೆಂಟ್ ಕೊಟ್ಟು ತುಕ್ಕು ಬಿಡಿಸಿಯೂ ನೋಡಿದೆ. ನಟ್ಟು ಬೋಲ್ಟಿಗೆ ಚೆನ್ನಾಗಿದೆ, ದೊಡ್ಡ ಸಾಮಾನಿಗೆ ಚಾರ್ಜರ್ ಸುಟ್ಟಿತು. ಬಾಯ್ಲರ್ ಮೇಲಿನ ತಗಡು ಮುಟ್ಟಲಿಲ್ಲ, ಒಳಗೆ ಆಸ್ಬೆಸ್ಟಾಸ್, ಅದರ ಪುಡಿ ಉಸಿರಿಗೆ ಹೋದರೆ ಅಪಾಯ.

ಚಕ್ರಗಳನ್ನು ಹಳಿಯಿಂದ ಒಂದಿಂಚು ಎತ್ತಿ ಸ್ಲೀಪರ್ ಇಟ್ಟೆ. ಟೈರ್ ಅಂಗಡಿಯ ಕಂಪ್ರೆಸರ್ ಬಾಡಿಗೆಗೆ ತಂದೆ. ಮೊದಲ ದಿನ ಮಾನ ಹೋಯಿತು. ಸಿಲಿಂಡರಿಗೆ ಹಬೆ ಬಿಡುವ ಸ್ಲೈಡ್ ವಾಲ್ವ್ ತಾನು ಕೂರುವ ಮುಖ ಬಿಟ್ಟು ನಿಂತಿತ್ತು, ಗಾಳಿಯೆಲ್ಲ ಸೀದಾ ಚಿಮಣಿಗೆ. ಸುತ್ತ ನಿಂತವರು ಸುಮ್ನೆ ಟೀ ಕುಡಿದು ಹೋದರು. ಮಾರನೇ ದಿನ ಕಂಪ್ರೆಸರಿನ ಟ್ಯಾಂಕ್ ತುಂಬಿಸಿಕೊಂಡು ಕಾಕ್ ಒಂದೇ ಸಲ ಬಿಟ್ಟೆ, ವಾಲ್ವ್ ಟಪ್ಪಂತ ಕೂತಿತು. ಸುಮಾರು ನಲವತ್ತು ಪಿಎಸ್‌ಐ ಗಾಳಿ ಒತ್ತಡಕ್ಕೆ ಚಕ್ರ ನಾಲ್ಕು ಸುತ್ತು ತಿರುಗಿತು, ಛುಕ್ ಛುಕ್ ಅಂತ ಸದ್ದು ಸಮೇತ.

ಒಟ್ಟು ಖರ್ಚು ಒಂದೂ ಮುಕ್ಕಾಲು ಲಕ್ಷ ಇರಬಹುದು, ಚೀಟಿಗಳು ಜಾಸ್ತಿ ಕಳೆದಿವೆ. ಪಿಸ್ಟನ್ ರಾಡಿನ ಸುತ್ತ ಸೋರದಂತೆ ತಡೆಯುವ ಬಲಗಡೆ ಗ್ಲ್ಯಾಂಡ್ ಇನ್ನೂ ಉಸ್ಸೆನ್ನುತ್ತಿದೆ. ಅದರೊಳಗೆ ತುಂಬಲು ಗ್ರಾಫೈಟ್ ಹಗ್ಗ ತರಿಸಿದ್ದೇನೆ, ದೀಪಾವಳಿ ಕಳೆದ ಮೇಲೆ ಬಿಚ್ಚಬೇಕು.